ವಾರಸುದಾರರಿಲ್ಲದ ಶವಗಳು: ಪಂಜಾಬಿನ ಸ್ಮಶಾನ ದಾಖಲೆಗಳು ಹೇಳುವ ಇತಿಹಾಸ

ಅನ್ಯಾಯವೆಸಗುವವರು ಸಾಕ್ಷಿಗಳ ಬಾಯಿ ಮುಚ್ಚಿಸಬಲ್ಲರು. ಆದರೆ ಕಚೇರಿಯ ಲೆಕ್ಕದ ಪುಸ್ತಕಗಳನ್ನು ಮೌನವಾಗಿಸುವುದು ಅವರಿಗೆ ಅಷ್ಟು ಸುಲಭವಲ್ಲ. 1984ರಿಂದ 1994ರವರೆಗಿನ ಹತ್ತು ವರ್ಷಗಳಲ್ಲಿ ಪಂಜಾಬಿನ ಅಸಂಖ್ಯ ಮನೆಗಳಿಂದ ಪೊಲೀಸರು ಕರೆದೊಯ್ದ ಗಂಡುಮಕ್ಕಳು ಹಿಂತಿರುಗಲಿಲ್ಲ. ಠಾಣೆಗೆ ಹೋಗಿ ಕೇಳಿದ ತಾಯಂದಿರಿಗೆ, ಅಂಥವರು ಯಾರೂ ನಮ್ಮ ವಶದಲ್ಲಿಲ್ಲ ಎಂಬ ಉತ್ತರ ದೊರೆಯುತ್ತಿತ್ತು. ಆ ಮಕ್ಕಳು ಏನಾದರು ಎಂಬ ಸತ್ಯ ಕೊನೆಗೆ ಹೊರಬಂದದ್ದು ಸ್ಮಶಾನಗಳ ದಾಖಲೆ ಪುಸ್ತಕಗಳಿಂದ ಮತ್ತು ಚಿತೆಗೆ ಕೊಂಡ ಸೌದೆಯ ಲೆಕ್ಕದಿಂದ. ಈ ಇತಿಹಾಸವನ್ನು ನಾವು ಇಲ್ಲಿ ಸಂಕ್ಷಿಪ್ತವಾಗಿ ಅವಲೋಕಿಸೋಣ.

1984ರ ಜೂನ್ ತಿಂಗಳಲ್ಲಿ ಸೇನೆಯು ಅಮೃತಸರದ ಸ್ವರ್ಣ ಮಂದಿರವನ್ನು ಪ್ರವೇಶಿಸಿತು. ಅದೇ ವರ್ಷ ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿಯವರು ತಮ್ಮ ಇಬ್ಬರು ಸಿಖ್ ಅಂಗರಕ್ಷಕರ ಗುಂಡಿಗೆ ಬಲಿಯಾದರು. ಇಬ್ಬರ ಅಪರಾಧಕ್ಕೆ ಇಡೀ ಸಮುದಾಯ ಬೆಲೆ ತೆರಬೇಕಾಯಿತು. ಸರ್ಕಾರದ ಲೆಕ್ಕದ ಪ್ರಕಾರವೇ ದೆಹಲಿಯೊಂದರಲ್ಲಿ 2,733 ಸಿಖ್ಖರ ಹತ್ಯೆಯಾಯಿತು. ಪೊಲೀಸರು ಬಹುತೇಕ ಕಡೆ ನೋಡುತ್ತಾ ನಿಂತರು. ಆ ಹತ್ಯೆಗಳಲ್ಲಿ ಪಾಲುಗೊಂಡ ಪ್ರಭಾವಿ ರಾಜಕಾರಣಿ ಸಜ್ಜನ್ ಕುಮಾರ್‌ಗೆ ದೆಹಲಿ ಹೈಕೋರ್ಟ್ ಜೀವಾವಧಿ ಶಿಕ್ಷೆ ವಿಧಿಸಿದ್ದು 2018ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ 34 ವರ್ಷಗಳು ಕಳೆದುಹೋಗಿದ್ದವು.

ಪಂಜಾಬಿನ ಉಗ್ರವಾದಿಗಳು ಎಸಗಿದ ಕ್ರೌರ್ಯವನ್ನು ನಾವು ಮರೆಮಾಚಬಾರದು. ಬಸ್ಸುಗಳಿಂದ ಇಳಿಸಿ ಹಿಂದೂ ಪ್ರಯಾಣಿಕರನ್ನು ಕೊಂದವರು ಅವರೇ. ಪತ್ರಕರ್ತರನ್ನು, ತಮ್ಮನ್ನು ಒಪ್ಪದ ಸಿಖ್ಖರನ್ನು ಕೊಂದವರೂ ಅವರೇ. 1995ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಬೇಅಂತ್ ಸಿಂಗ್ ಅವರು ಬಾಂಬ್ ಸ್ಫೋಟದಲ್ಲಿ ಹತರಾದರು. ಅಪರಾಧಿಗಳನ್ನು ಹಿಡಿದು ನ್ಯಾಯಾಲಯಕ್ಕೆ ಒಪ್ಪಿಸುವುದು ಪ್ರಭುತ್ವದ ಕರ್ತವ್ಯವಾಗಿತ್ತು. ಆದರೆ ಅದು ಹಿಡಿದ ದಾರಿ ಬೇರೆ. ಪೊಲೀಸ್ ಅಧಿಕಾರಿಯ ಮುಂದೆ ನೀಡಿದ ತಪ್ಪೊಪ್ಪಿಗೆಯನ್ನೂ ಸಾಕ್ಷ್ಯವೆಂದು ಒಪ್ಪುವ ಟಾಡಾ ಕಾಯ್ದೆ ಜಾರಿಯಲ್ಲಿತ್ತು. ದೇಶಾದ್ಯಂತ ಆ ಕಾಯ್ದೆಯಡಿ ಬಂಧಿತರಾದವರು 70,000ಕ್ಕೂ ಹೆಚ್ಚು, ಶಿಕ್ಷೆಗೊಳಗಾದವರು ಶೇ. 2ಕ್ಕಿಂತ ಕಡಿಮೆ. ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಅಜಿತ್ ಸಿಂಗ್ ಬೈನ್ಸ್ ಅವರು ಮಾನವ ಹಕ್ಕುಗಳ ಪರ ದನಿಯೆತ್ತಿದ್ದಕ್ಕೆ 1992ರಲ್ಲಿ ಅವರ ಕೈಗೂ ಕೋಳ ಬಿತ್ತು. ನ್ಯಾಯಮೂರ್ತಿಯ ಪಾಡೇ ಹೀಗಿರುವಾಗ ಹಳ್ಳಿಯ ರೈತನ ಮಗನ ಪಾಡೇನೆಂಬುದನ್ನು ಊಹಿಸಬಹುದು.

ಇಂಥ ಕಾಲದಲ್ಲಿ ಅಮೃತಸರದ ಸಹಕಾರಿ ಬ್ಯಾಂಕೊಂದರಲ್ಲಿ ನಿರ್ದೇಶಕರಾಗಿದ್ದ ಜಸ್ವಂತ್ ಸಿಂಗ್ ಖಾಲ್ರಾ ಅವರು ಕಾಣೆಯಾಗಿದ್ದ ಸಹೋದ್ಯೋಗಿಯೊಬ್ಬರನ್ನು ಹುಡುಕತೊಡಗಿದರು. ಆ ಹುಡುಕಾಟ ಅವರನ್ನು ಸ್ಮಶಾನಕ್ಕೆ ತಲುಪಿಸಿತು. ಅಲ್ಲಿನ ದಾಖಲೆಗಳಲ್ಲಿ ಪೊಲೀಸರು ತಂದೊಪ್ಪಿಸಿದ ಶವಗಳ ವಿವರವಿತ್ತು. ವಾರಸುದಾರರಿಲ್ಲದ ಶವಗಳನ್ನು ಸುಡುವ ಖರ್ಚು ಸಾರ್ವಜನಿಕ ಹಣದ್ದಾದ್ದರಿಂದ ಪ್ರತಿಯೊಂದಕ್ಕೂ ಲೆಕ್ಕ ಬರೆದಿಡಬೇಕಿತ್ತು. ಕೆಲವು ಶವಗಳ ಮುಂದೆ ಹೆಸರು, ತಂದೆಯ ಹೆಸರು, ಊರು ಕೂಡ ನಮೂದಾಗಿದ್ದವು. ಹೆಸರೂ ಊರೂ ಗೊತ್ತಿರುವ ಶವಕ್ಕೆ ವಾರಸುದಾರರು ಇಲ್ಲದಿರುವುದು ಹೇಗೆ? ಮನೆಯವರಿಗೆ ಸುದ್ದಿ ಮುಟ್ಟಿಸದೆ ಸುಟ್ಟುಬಿಟ್ಟದ್ದರಿಂದಲೇ ಅವು ಅನಾಥ ಶವಗಳಾಗಿದ್ದವು.

ಖಾಲ್ರಾ ಅವರು ದುರ್ಗಿಯಾನಾ, ಪಟ್ಟಿ ಮತ್ತು ತರನ್ ತಾರನ್ ಸ್ಮಶಾನಗಳ ದಾಖಲೆಗಳನ್ನು ತಾಳೆ ಹಾಕಿದರು. 1995ರ ಜನವರಿಯಲ್ಲಿ ತಮ್ಮ ಸಂಗಾತಿಯೊಡನೆ ಅವನ್ನು ಪತ್ರಿಕೆಗಳ ಮುಂದಿಟ್ಟರು. ಹೈಕೋರ್ಟಿಗೆ ಅರ್ಜಿ ಸಲ್ಲಿಸಿದಾಗ, ಅದನ್ನು ಸಲ್ಲಿಸುವ ಹಕ್ಕು ಅವರಿಗಿಲ್ಲವೆಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತು. ವಿಚಾರ ಸುಪ್ರೀಂ ಕೋರ್ಟ್ ತಲುಪಿತು. ಅಷ್ಟರಲ್ಲಿ ಖಾಲ್ರಾ ಕೆನಡಾಕ್ಕೆ ಹೋಗಿ ಅಲ್ಲಿಯೂ ಈ ವಿಷಯ ಮಂಡಿಸಿದ್ದರು. ಪ್ರಾಣಕ್ಕೆ ಅಪಾಯವಿದೆಯೆಂದು ತಿಳಿದಿದ್ದೂ ಅವರು ಪಂಜಾಬಿಗೆ ಮರಳಿದರು. 1995ರ ಸೆಪ್ಟೆಂಬರ್ 6ರ ಬೆಳಿಗ್ಗೆ ಅಮೃತಸರದ ತಮ್ಮ ಮನೆಯ ಮುಂದೆ ಕಾರು ತೊಳೆಯುತ್ತಿದ್ದ ಅವರನ್ನು ಪೊಲೀಸರು ಎತ್ತಿಕೊಂಡು ಹೋದರು. ಕಾಣೆಯಾದವರನ್ನು ಹುಡುಕುತ್ತಿದ್ದವರೇ ಕಾಣೆಯಾದರು.

ಅವರ ಪತ್ನಿ ಪರಮ್‌ಜಿತ್ ಕೌರ್ ಅವರು ಸುಪ್ರೀಂ ಕೋರ್ಟಿನ ಮೊರೆಹೋದರು. ನವೆಂಬರ್ 15ರಂದು ನ್ಯಾಯಾಲಯವು ಅಪಹರಣ ಹಾಗೂ ಸ್ಮಶಾನದ ಪ್ರಕರಣ ಎರಡನ್ನೂ ಸಿಬಿಐ ತನಿಖೆಗೆ ಒಪ್ಪಿಸಿತು. 1996ರ ಡಿಸೆಂಬರ್‌ನಲ್ಲಿ ಸಿಬಿಐ ನೀಡಿದ ವರದಿಯ ಪ್ರಕಾರ ಆ ಮೂರು ಸ್ಮಶಾನಗಳಲ್ಲಿ ಪೊಲೀಸರು ಹೀಗೆ ಸುಟ್ಟ ಶವಗಳು 2,097. ಇವುಗಳಲ್ಲಿ 585 ಶವಗಳ ಗುರುತು ಪೂರ್ಣವಾಗಿ, 274 ಶವಗಳ ಗುರುತು ಭಾಗಶಃ ಸಿಕ್ಕಿತ್ತು. ಉಳಿದ 1,238 ಶವಗಳ ಗುರುತೇ ಸಿಕ್ಕಿರಲಿಲ್ಲ. ಇದು ಬೃಹತ್ ಪ್ರಮಾಣದ ಮಾನವ ಹಕ್ಕು ಉಲ್ಲಂಘನೆಯೆಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು.

ಖಾಲ್ರಾ ಅವರ ಮೃತದೇಹ ಇಂದಿನವರೆಗೂ ಸಿಕ್ಕಿಲ್ಲ. ಅವರನ್ನು ಠಾಣೆಯಲ್ಲಿ ಕೂಡಿಟ್ಟು ಕೊಲ್ಲಲಾಯಿತೆಂದು ನ್ಯಾಯಾಲಯದಲ್ಲಿ ಸಾಕ್ಷಿ ನುಡಿದವರಲ್ಲಿ ಪೊಲೀಸ್ ಪಡೆಗೇ ಸೇರಿದ್ದ ಒಬ್ಬರಿದ್ದರು. 2005ರಲ್ಲಿ ಆರು ಮಂದಿ ಪೊಲೀಸರಿಗೆ ಶಿಕ್ಷೆಯಾಯಿತು. 2007ರಲ್ಲಿ ಹೈಕೋರ್ಟ್ ನಾಲ್ವರ ಶಿಕ್ಷೆಯನ್ನು ಜೀವಾವಧಿಗೆ ಏರಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಉಳಿದ 2,097 ಜನರ ಪ್ರಕರಣ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಮುಂದಿತ್ತು. ಆಯೋಗವು ವಿಚಾರಣೆಯನ್ನು ಆ ಮೂರು ಸ್ಮಶಾನಗಳಿಗೇ ಸೀಮಿತಗೊಳಿಸಿತು. 1,513 ಜನರ ಕುಟುಂಬಗಳಿಗೆ ಸುಮಾರು 27.94 ಕೋಟಿ ರೂಪಾಯಿ ಪರಿಹಾರಕ್ಕೆ ಸೂಚಿಸಿ 2012ರಲ್ಲಿ ಪ್ರಕರಣವನ್ನು ಮುಗಿಸಿತು. ಪಂಜಾಬಿನ ಉಳಿದ ಜಿಲ್ಲೆಗಳ ಸ್ಮಶಾನಗಳ ಪುಸ್ತಕಗಳನ್ನು ಆಯೋಗ ತೆರೆಯಲಿಲ್ಲ.

ಮೃತದೇಹಕ್ಕೆ ಸ್ನಾನ, ಕಫನ್, ಜನಾಝಾ ನಮಾಝ್ ಮತ್ತು ದಫನ ನೆರವೇರಿಸುವುದು ಇಡೀ ಸಮುದಾಯದ ಹೊಣೆಯೆಂದು ನಂಬಿದವರು ನಾವು. ಮಗನ ಮುಖವನ್ನು ಕೊನೆಯ ಬಾರಿ ನೋಡಲಾಗದ, ಅವನ ಚಿತಾಭಸ್ಮವೂ ದೊರೆಯದ ತಾಯಿಯ ಸಂಕಟವೇನೆಂಬುದು ನಮಗೆ ಅರ್ಥವಾಗದೆ ಇರದು. ಸಾವು ಖಚಿತವಾಗದಿರುವಾಗ ಹೆಂಡತಿ ತಾನು ವಿಧವೆಯೋ ಅಲ್ಲವೋ ಎಂದು ತಿಳಿಯಲಾರಳು. ಮಕ್ಕಳಿಗೆ ಮರಣಪತ್ರ ಸಿಗದು, ಜಮೀನಿನ ಖಾತೆ ಬದಲಾಗದು. ಹೆಸರನ್ನು ಅಳಿಸುವುದೆಂದರೆ ಸತ್ತವನ ಜೊತೆಗೆ ಬದುಕಿರುವವರನ್ನೂ ಶಿಕ್ಷಿಸುವುದು.

ಈ ನೋವು ಸಿಖ್ಖರಿಗೆ ಮಾತ್ರ ಸೀಮಿತವಾಗಿರಲಿಲ್ಲ. 1987ರ ಮೇ 22ರಂದು ಮೀರತ್‌ನ ಹಾಶಿಂಪುರದಿಂದ ಉತ್ತರ ಪ್ರದೇಶದ ಪಿಎಸಿ ಪಡೆಯವರು ಸುಮಾರು 40 ಮುಸ್ಲಿಮ್ ಪುರುಷರನ್ನು ಟ್ರಕ್ಕಿನಲ್ಲಿ ಕೊಂಡೊಯ್ದು ಕಾಲುವೆಯ ದಡದಲ್ಲಿ ಗುಂಡಿಟ್ಟು ನೀರಿಗೆ ಎಸೆದರು. ಆಗ ಗಾಝಿಯಾಬಾದ್‌ನ ಪೊಲೀಸ್ ವರಿಷ್ಠರಾಗಿದ್ದ ವಿಭೂತಿ ನಾರಾಯಣ ರಾಯ್ ಅವರು ಪ್ರಕರಣ ದಾಖಲಿಸಿ ಸತ್ಯದ ಪರ ನಿಂತರು. ಆದರೂ 2015ರಲ್ಲಿ ಕೆಳ ನ್ಯಾಯಾಲಯ ಎಲ್ಲ ಆರೋಪಿಗಳನ್ನು ಖುಲಾಸೆಗೊಳಿಸಿತು. ಅಂದು ಕರ್ತವ್ಯದಲ್ಲಿದ್ದ ಸಿಬ್ಬಂದಿಯ ವಿವರವಿದ್ದ ಡೈರಿ ಮೇಲ್ಮನವಿಯ ಹಂತದಲ್ಲಿ ಸಾಕ್ಷ್ಯವಾಗಿ ಬಂದ ಮೇಲೆಯೇ 2018ರಲ್ಲಿ ದೆಹಲಿ ಹೈಕೋರ್ಟ್ 16 ಮಂದಿಗೆ ಜೀವಾವಧಿ ಶಿಕ್ಷೆ ನೀಡಿತು. ಇಲ್ಲಿಯೂ ಕೊನೆಗೆ ಮಾತನಾಡಿದ್ದು ಒಂದು ದಾಖಲೆ ಪುಸ್ತಕ.

ಕಾಶ್ಮೀರದಲ್ಲಿ ಈ ಎರಡು ಸಮುದಾಯಗಳ ನೋವು ಒಂದೇ ವಾರದಲ್ಲಿ ಒಂದನ್ನೊಂದು ಸಂಧಿಸಿತು. 2000ದ ಮಾರ್ಚ್ 20ರ ರಾತ್ರಿ ಛತ್ತೀಸಿಂಗ್‌ಪುರದಲ್ಲಿ ಬಂದೂಕುಧಾರಿಗಳು 35 ಸಿಖ್ಖರನ್ನು ಕೊಂದರು. ಐದು ದಿನಗಳ ಬಳಿಕ ಪತ್ರಿಬಲ್‌ನಲ್ಲಿ ಐವರನ್ನು ಕೊಂದು, ಇವರೇ ಆ ಹಂತಕರೆಂದು ಘೋಷಿಸಲಾಯಿತು. ಶವಗಳು ಗುರುತು ಸಿಗದಂತೆ ಸುಟ್ಟಿದ್ದವು. ಡಿಎನ್‌ಎ ಪರೀಕ್ಷೆಗೆ ಮೊದಲು ಕಳಿಸಿದ ಮಾದರಿಗಳಲ್ಲಿ ವಂಚನೆ ನಡೆದಿದ್ದುದು ಬಯಲಾಯಿತು. ಮರುಪರೀಕ್ಷೆಯಲ್ಲಿ ಸತ್ತವರು ಸ್ಥಳೀಯ ನಾಗರಿಕರೆಂದು ಸಾಬೀತಾಯಿತು. ಸಿಬಿಐ ಸೇನಾಧಿಕಾರಿಗಳ ಮೇಲೆ ಆರೋಪಪಟ್ಟಿ ಸಲ್ಲಿಸಿತು. ಸಾಕ್ಷ್ಯ ಸಾಲದೆಂದು ಸೇನೆ 2014ರಲ್ಲಿ ಪ್ರಕರಣವನ್ನು ಕೈಬಿಟ್ಟಿತು. ಇದರಿಂದ ಸಿಖ್ ಕುಟುಂಬಗಳಿಗೂ ನ್ಯಾಯ ದೊರೆಯಲಿಲ್ಲ, ಮುಸ್ಲಿಮ್ ಕುಟುಂಬಗಳಿಗೂ ದೊರೆಯಲಿಲ್ಲ.

ಸಿಖ್ಖರ ಇತಿಹಾಸವನ್ನು ಓದುವಾಗ ನಾವು ಇನ್ನೊಂದು ಸತ್ಯವನ್ನೂ ಎದುರಿಸಬೇಕು. ಅವರ ಗುರುಗಳಾದ ಅರ್ಜನ್ ದೇವ್ 1606ರಲ್ಲಿಯೂ ತೇಗ್ ಬಹಾದ್ದೂರ್ 1675ರಲ್ಲಿಯೂ ಪ್ರಾಣ ತೆತ್ತದ್ದು ಮೊಗಲ್ ಬಾದಶಹರ ಆಳ್ವಿಕೆಯಲ್ಲಿ. ಗುರು ಗೋವಿಂದ್ ಸಿಂಗ್ ಅವರ ಎಳೆಯ ಮಕ್ಕಳಿಬ್ಬರನ್ನು ಕೊಲ್ಲಿಸಿದವನು ಸರ್ಹಿಂದ್‌ನ ಸುಬೇದಾರ ವಝೀರ್ ಖಾನ್. ಅಧಿಕಾರದಲ್ಲಿರುವವನು ನಮ್ಮವನೆಂಬ ಕಾರಣಕ್ಕೆ ಅಕ್ರಮವು ನ್ಯಾಯವಾಗುವುದಿಲ್ಲ. ಮಕ್ಕಳ ಹತ್ಯೆಯ ವಿರುದ್ಧ ಅಂದು ದನಿಯೆತ್ತಿದವರು ಮಲೇರ್‌ಕೋಟ್ಲಾದ ನವಾಬ ಶೇರ್ ಮುಹಮ್ಮದ್ ಖಾನ್. ಸಿಖ್ಖರು ಆ ಮಾತನ್ನು ತಲೆಮಾರುಗಳವರೆಗೆ ನೆನಪಿಟ್ಟರು. 1947ರಲ್ಲಿ ಪೂರ್ವ ಪಂಜಾಬ್ ಹೊತ್ತಿ ಉರಿದಾಗ ಮಲೇರ್‌ಕೋಟ್ಲಾದ ಮುಸ್ಲಿಮರು ಸುರಕ್ಷಿತವಾಗಿ ಉಳಿದರು. ಅದಕ್ಕೆ ನವಾಬರ ಆ ಮಾತೇ ಕಾರಣವೆಂದು ಅಲ್ಲಿನವರು ಇಂದಿಗೂ ಹೇಳುತ್ತಾರೆ. ಸ್ವಂತದವರ ವಿರುದ್ಧವಾದರೂ ಸರಿ, ನ್ಯಾಯಕ್ಕೆ ಸಾಕ್ಷಿಯಾಗಬೇಕೆಂಬ ನಮ್ಮ ಧರ್ಮದ ಬೋಧನೆಗೆ ಇದಕ್ಕಿಂತ ಉತ್ತಮ ನಿದರ್ಶನ ಬೇಕೆ?

ಸಿಖ್ಖರು ಕನ್ನಡ ನಾಡಿಗೆ ಅಪರಿಚಿತರಲ್ಲ. ಬೀದರ್‌ನ ನಾನಕ್ ಝೀರಾ ಗುರುದ್ವಾರ ನಮ್ಮಲ್ಲಿ ಅನೇಕರು ಕಂಡ ಸ್ಥಳ. ಅದೇ ಬೀದರ್‌ನಲ್ಲಿ 1988ರ ಸೆಪ್ಟೆಂಬರ್‌ನಲ್ಲಿ ಸಿಖ್ ವಿದ್ಯಾರ್ಥಿಗಳು ಗುಂಪು ಹಿಂಸೆಗೆ ಬಲಿಯಾದರು. ಇದನ್ನು ತಿಳಿಸಿಕೊಡದೆ, ನಮ್ಮ ಮೇಲಾದ ಅನ್ಯಾಯಗಳನ್ನಷ್ಟೇ ಮಕ್ಕಳಿಗೆ ಹೇಳುತ್ತಾ ಹೋದರೆ ಅವರು ದೂರು ಹೇಳುವುದನ್ನು ಕಲಿಯುತ್ತಾರೆ, ನ್ಯಾಯವನ್ನು ಕಲಿಯುವುದಿಲ್ಲ.

ನಮ್ಮ ಜಮಾಅತ್‌ಗಳಲ್ಲಿ ನಿಕಾಹ್ ಮತ್ತು ಮರಣಗಳ ದಾಖಲೆ ಪುಸ್ತಕಗಳಿರುತ್ತವೆ. ಅವುಗಳನ್ನು ಜೋಪಾನವಾಗಿಡೋಣ. ಹೆಸರು, ದಿನಾಂಕ, ಸಾವಿನ ಕಾರಣವನ್ನು ಸರಿಯಾಗಿ ಬರೆಯೋಣ. ದೂರು ಕೊಟ್ಟಾಗ ಎಫ್‌ಐಆರ್ ಪ್ರತಿಯನ್ನು ಕೇಳಿ ಪಡೆಯೋಣ. ನೆರೆಯ ಯಾವುದೇ ಸಮುದಾಯದ ಮಗನೊಬ್ಬ ಮನೆಗೆ ಹಿಂತಿರುಗದಿದ್ದರೆ, ಅವನು ಎಲ್ಲಿದ್ದಾನೆಂದು ಕೇಳುವವರ ಜೊತೆಗೆ ನಿಲ್ಲೋಣ. ಖಾಲ್ರಾ ಅವರು ಕೇಳಿದ್ದು ಅಷ್ಟನ್ನೇ.