ಊರಿಲ್ಲದ ಪಾದ್ರಿಗಳು, ವರ್ಷಕ್ಕೊಂದು ಪಟ್ಟಿ

ನಿಮಗೊಂದು ಪ್ರಶ್ನೆ. ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಚರ್ಚಿನ ಪಾದ್ರಿಯೊಬ್ಬರು ಇದ್ದಾರೆ ಅಂದುಕೊಳ್ಳಿ. ಪ್ರತಿ ಭಾನುವಾರ ಒಂದೇ ಚರ್ಚಿನಲ್ಲಿ ಪ್ರಸಂಗ ಮಾಡ್ತಾರೆ. ಆ ಊರಿನ ಮದುವೆ, ಸಾವು, ನಾಮಕರಣ ಎಲ್ಲಕ್ಕೂ ಅವರೇ. ಹಾಗಾದರೆ ಅವರು ಯಾವ ಚರ್ಚಿನ ಸದಸ್ಯರು?

ಯಾವುದರದ್ದೂ ಅಲ್ಲ. ಪೂರ್ಣ ದೀಕ್ಷೆ ಪಡೆದ ಪಾದ್ರಿಯ ಸದಸ್ಯತ್ವ ಇರುವುದು ವಾರ್ಷಿಕ ಕಾನ್ಫರೆನ್ಸಿನಲ್ಲಿ. ಒಂದು ಪ್ರಾಂತ್ಯದ ಪಾದ್ರಿಗಳು ಮತ್ತು ಊರೂರಿನ ಪ್ರತಿನಿಧಿಗಳು ವರ್ಷಕ್ಕೊಮ್ಮೆ ಸೇರುವ ಸಭೆ ಅದು. ಅಂದ್ರೆ ಒಬ್ಬ ಪಾದ್ರಿಯನ್ನು ‘ನಮ್ಮವರು’ ಅಂತ ಲೆಕ್ಕಕ್ಕೆ ಹಿಡಿಯೋದು ಊರಲ್ಲ, ಉಳಿದ ಪಾದ್ರಿಗಳು. ಈ ವಿಚಿತ್ರ ಏರ್ಪಾಡು ಯಾರನ್ನು ಕಾಪಾಡಿತು, ಯಾರನ್ನು ಹೊರಗಿಟ್ಟಿತು ಅನ್ನೋದು ಇವತ್ತಿನ ಕಥೆ.

ಶುರುವಾಗಿದ್ದು ಲಂಡನ್ನಿನಲ್ಲಿ, 1744ರ ಜೂನ್ 25ರಂದು. ಹಿಂದೆ ಫಿರಂಗಿ ಎರಕ ಹೊಯ್ಯುತ್ತಿದ್ದ, ಪಾಳುಬಿದ್ದಿದ್ದ ಕಟ್ಟಡವೊಂದನ್ನು ಜಾನ್ ವೆಸ್ಲಿ ಪ್ರಾರ್ಥನಾ ಮಂದಿರ ಮಾಡಿಕೊಂಡಿದ್ದ. ‘ಫೌಂಡರಿ’ ಅನ್ನೋ ಹೆಸರು ಹಾಗೇ ಉಳಿದಿತ್ತು. ಅಲ್ಲಿ ಹತ್ತು ಜನ ಕೂತರು: ವೆಸ್ಲಿ ಸಹೋದರರೂ ಸೇರಿ ಇಂಗ್ಲೆಂಡ್ ಚರ್ಚಿನ ದೀಕ್ಷೆ ಪಡೆದ ಆರು ಪಾದ್ರಿಗಳು, ದೀಕ್ಷೆ ಇಲ್ಲದ ನಾಲ್ಕು ಬೋಧಕರು. ಮಾತೆಲ್ಲ ಪ್ರಶ್ನೋತ್ತರದ ರೂಪದಲ್ಲಿ. ಏನು ಕಲಿಸಬೇಕು? ಹೇಗೆ ಕಲಿಸಬೇಕು? ಏನು ಮಾಡಬೇಕು? ಉತ್ತರಗಳನ್ನು ಬರೆದಿಟ್ಟರು. ಅದಕ್ಕೇ ಇವತ್ತಿಗೂ ಆ ದಾಖಲೆಗಳಿಗೆ ‘ಮಿನಿಟ್ಸ್’ ಅನ್ನೋ ಹೆಸರು.

ಬರಬರುತ್ತಾ ಪ್ರಶ್ನೆಗಳಿಗೆ ಒಂದು ಅಚ್ಚು ಬಿತ್ತು. ಈ ವರ್ಷ ಯಾರನ್ನು ಪರೀಕ್ಷಾರ್ಥವಾಗಿ ಸೇರಿಸಿಕೊಂಡೆವು? ಯಾರು ಪೂರ್ಣ ಸದಸ್ಯರಾದರು? ಯಾರ ಮೇಲಾದರೂ ದೂರು ಇದೆಯೇ? ಯಾರು ತೀರಿಕೊಂಡರು? ಯಾರು ಯಾವ ಊರಿಗೆ? ವರ್ಷ ವರ್ಷವೂ ಇವೇ ಪ್ರಶ್ನೆಗಳು. ನನ್ನ ಹೊಟ್ಟೆಪಾಡು ಡೇಟಾ ಸೈನ್ಸ್. ಇಷ್ಟು ಕಾಲ ಕಾಲಂ ಹೆಸರು ಬದಲಾಗದ ಟೇಬಲ್ ಕಂಡರೆ ನನ್ನಂಥವರಿಗೆ ಕಣ್ಣು ತುಂಬಿ ಬರುತ್ತೆ.

ಈ ಪಟ್ಟಿ ಏಕೆ ಅಷ್ಟು ಮುಖ್ಯ? ವರ್ಗಾವಣೆಗೋಸ್ಕರ. ಊರಿನಲ್ಲಿ ನಿಮ್ಮ ಅಜ್ಜನೋ ಚಿಕ್ಕಪ್ಪನೋ ಸರ್ಕಾರಿ ನೌಕರಿಯಲ್ಲಿದ್ದರೆ ‘ಟ್ರಾನ್ಸ್‌ಫರ್’ ಅನ್ನೋ ಪದದ ಭಾರ ನಿಮಗೆ ಗೊತ್ತಿರುತ್ತೆ. ಮೆಥಡಿಸ್ಟ್ ಬೋಧಕರಿಗೆ ಅದೇ ಬದುಕು. ಅಮೆರಿಕದಲ್ಲಿ 1804ರಲ್ಲಿ ಒಂದೇ ಕಡೆ ಎರಡು ವರ್ಷಕ್ಕಿಂತ ಹೆಚ್ಚು ಇರಬಾರದು ಅಂತ ನಿಯಮವೇ ಆಯಿತು. ಕುದುರೆ ಮೇಲೆ ಹಳ್ಳಿಯಿಂದ ಹಳ್ಳಿಗೆ ಸುತ್ತೋದು, ಸಿಕ್ಕವರ ಮನೆಯಲ್ಲಿ ಊಟ, ನಿದ್ದೆ. ವರ್ಷಕ್ಕೆ 64 ಡಾಲರ್. 1800ರಲ್ಲಿ ಅದು 80 ಆಯಿತು. ಇಲ್ಲೊಂದು ಮಾತು ನನಗೆ ತುಂಬ ಹಿಡಿಸಿತು: ಬಿಷಪ್ ಫ್ರಾನ್ಸಿಸ್ ಆಸ್ಬರಿಗೂ ಅಷ್ಟೇ ಭತ್ಯೆ, ಅವನೂ ಕುದುರೆ ಮೇಲೆಯೇ. 1784ರಲ್ಲಿ ವೆಸ್ಲಿ ಅವನನ್ನು ಅಮೆರಿಕದ ಮೇಲ್ವಿಚಾರಕ ಅಂತ ನೇಮಿಸಿದಾಗ ಆಸ್ಬರಿ ಸುಮ್ಮನೆ ಒಪ್ಪಲಿಲ್ಲ. ಬಾಲ್ಟಿಮೋರಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಬೋಧಕರು ಸೇರಿ, ತಾವೇ ಅವನನ್ನು ಆರಿಸಿದ ಮೇಲೆಯೇ ದೀಕ್ಷೆ ತಗೊಂಡ.

ಹೀಗೆ ಅಲೆದವರಲ್ಲಿ ಬಹಳ ಜನ ಬೇಗ ಸತ್ತರು. ಅಮೆರಿಕದಲ್ಲಿ 1847ರವರೆಗೆ ತೀರಿಕೊಂಡವರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಮೂವತ್ತು ತಲುಪಿರಲಿಲ್ಲ ಅನ್ನೋ ಲೆಕ್ಕ ಪ್ರಸಿದ್ಧ. ಆದರೆ ಅದನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಮದುವೆಯಾಗಿ, ಮಕ್ಕಳಾಗಿ, ಆ ಸಂಬಳದಲ್ಲಿ ಬದುಕೋಕಾಗದೆ ಒಂದೂರಲ್ಲಿ ನೆಲೆನಿಂತವರ ಹೆಸರು ಪಟ್ಟಿಯಿಂದಲೇ ಹೋಗುತ್ತಿತ್ತು. ಅವರು ಎಪ್ಪತ್ತರವರೆಗೆ ಬದುಕಿದ್ದರೂ ಈ ಲೆಕ್ಕದಲ್ಲಿ ಇಲ್ಲ. ಉಳಿದವರು ಪ್ರತಿ ವರ್ಷ ಸಭೆಗೆ ಬಂದಾಗ ಚಾರ್ಲ್ಸ್ ವೆಸ್ಲಿಯ ಒಂದು ಹಾಡು ಹಾಡಿ ಶುರುಮಾಡೋರು. ಬದುಕಿ ಬಂದು ಮತ್ತೆ ಮುಖ ನೋಡಿದ್ದಕ್ಕೆ ದೇವರಿಗೆ ವಂದನೆ ಹೇಳೋ ಹಾಡು. ಇವತ್ತಿಗೂ ಅದೇ ಹಾಡು.

ಹಾಡಿನಿಂದ ಹೊಟ್ಟೆ ತುಂಬಲ್ಲ ಅಂತ ಅವರಿಗೂ ಗೊತ್ತಿತ್ತು. ಇಂಗ್ಲೆಂಡಿನಲ್ಲಿ 1763ರಲ್ಲೇ ‘ಬೋಧಕರ ನಿಧಿ’ ಶುರುವಾಯಿತು. ಸಂಚಾರದಲ್ಲಿರುವ ಪ್ರತಿಯೊಬ್ಬರೂ ವರ್ಷಕ್ಕಿಷ್ಟು ಅಂತ ತಮ್ಮ ಜೇಬಿನಿಂದ ಹಾಕಬೇಕು. ದಣಿದು ಕೆಲಸ ಬಿಟ್ಟ ಮುದುಕರಿಗೆ, ಸತ್ತವರ ಹೆಂಡತಿ ಮಕ್ಕಳಿಗೆ ಅದರಿಂದ ಸಹಾಯ. ಬೋಧಕರ ಗಂಡುಮಕ್ಕಳಿಗೆ ಬ್ರಿಸ್ಟಲ್ ಹತ್ತಿರದ ಕಿಂಗ್ಸ್‌ವುಡ್ ಶಾಲೆ ಇತ್ತು. ವರ್ಷಕ್ಕೊಂದೂರು ಅಲೆಯುವ ಅಪ್ಪನ ಮಗ ಓದೋದು ಇನ್ನೆಲ್ಲಿ?

ಇಷ್ಟೆಲ್ಲ ಒಗ್ಗಟ್ಟಿಗೆ ನಿಜವಾದ ಪರೀಕ್ಷೆ ಬಂದಿದ್ದು 1784ರಲ್ಲಿ. ‘ಕಾನ್ಫರೆನ್ಸ್’ ಅಂದರೆ ಯಾರು ಅಂತ ಕಾನೂನಿಗೆ ಗೊತ್ತಿರಲಿಲ್ಲ. ವೆಸ್ಲಿ ಸತ್ತರೆ ಪ್ರಾರ್ಥನಾ ಮಂದಿರಗಳು ಯಾರ ಕೈಗೆ? ಅದಕ್ಕೆ ಅವನು ಒಂದು ದಸ್ತಾವೇಜು ಮಾಡಿಸಿ ನೂರು ಬೋಧಕರ ಹೆಸರು ಬರೆಸಿದ. ಆಗ ಇದ್ದವರು ಇನ್ನೂರರ ಆಸುಪಾಸು. ಹಿರಿಯರು ಕೆಲವರ ಹೆಸರೇ ಇಲ್ಲ! ಜಾನ್ ಹ್ಯಾಂಪ್ಸನ್ ಅನ್ನೋ ಹಿರಿಯ ಬೋಧಕ, ಅವನ ಜೊತೆ ಅದೇ ಹೆಸರಿನ ಅವನ ಮಗ, ನೊಂದು ಬಿಟ್ಟುಹೋದರು. ವೆಸ್ಲಿಗೆ ಕಸಿವಿಸಿ ಆಗಿರಬೇಕು. 1785ರ ಏಪ್ರಿಲ್‌ನಲ್ಲಿ ಒಂದು ಪತ್ರ ಬರೆದು, ತಾನು ಸತ್ತ ಮೇಲಿನ ಮೊದಲ ಕಾನ್ಫರೆನ್ಸಿನಲ್ಲಿ ಓದಿ ಅಂತ ಜೋಸೆಫ್ ಬ್ರಾಡ್‌ಫರ್ಡ್ ಕೈಗೆ ಕೊಟ್ಟ. 1791ರಲ್ಲಿ ವೆಸ್ಲಿ ತೀರಿಕೊಂಡ. ಆ ವರ್ಷ ಮ್ಯಾಂಚೆಸ್ಟರ್‌ನಲ್ಲಿ ಪತ್ರ ಓದಿದರು. ಆ ನೂರು ಜನ ಉಳಿದವರ ಮೇಲೆ ದೊಡ್ಡಸ್ತಿಕೆ ತೋರಿಸಬಾರದು. ವರ್ಗಾವಣೆಯಲ್ಲಿ, ಶಾಲೆಗೆ ಮಕ್ಕಳನ್ನು ಆರಿಸುವುದರಲ್ಲಿ, ನಿಧಿ ಹಂಚುವುದರಲ್ಲಿ ಪಕ್ಷಪಾತ ಮಾಡಬಾರದು. ಪತ್ರದ ಸಾರ ಇಷ್ಟೇ. ಅಲ್ಲಿದ್ದವರು ಹಾಗೇ ಆಗಲಿ ಅಂತ ಒಮ್ಮತದಿಂದ ತೀರ್ಮಾನ ಮಾಡಿದರು. ಕಾಗದದ ಮೇಲೆ ಸಿಕ್ಕ ಅಧಿಕಾರವನ್ನು ಹೀಗೆ ಹಂಚಿಕೊಂಡ ಉದಾಹರಣೆಗಳು ಚರಿತ್ರೆಯಲ್ಲಿ ಜಾಸ್ತಿ ಇಲ್ಲ.

ನಮ್ಮ ಕಡೆಗೂ ಈ ವರ್ಗಾವಣೆ ಪಟ್ಟಿ ಬಂದು ತಲುಪಿತ್ತು. ವಿಲಿಯಂ ಆರ್ಥರ್ ಅನ್ನೋ ಐರಿಶ್ ಹುಡುಗನನ್ನು 1839ರಲ್ಲಿ ತುಮಕೂರಿನ ಹತ್ತಿರದ ಗುಬ್ಬಿಗೆ ಕಳಿಸಿದರು. ವಯಸ್ಸು 20. ಕನ್ನಡ ಕಲಿತ, ಆದರೆ ಕಣ್ಣು ಕೆಟ್ಟು 1841ರಲ್ಲಿ ವಾಪಸ್ ಹೋಗಬೇಕಾಯಿತು. ಊರು ಬಿಟ್ಟರೂ ಸದಸ್ಯತ್ವ ಹೋಗಲಿಲ್ಲ ನೋಡಿ. 1866ರಲ್ಲಿ ಅವನೇ ಬ್ರಿಟನ್ನಿನ ವೆಸ್ಲಿಯನ್ ಕಾನ್ಫರೆನ್ಸಿನ ಅಧ್ಯಕ್ಷ. ಮೈಸೂರಿನಲ್ಲಿ ‘ವೃತ್ತಾಂತ ಪತ್ರಿಕೆ’ ನಡೆಸಿದ, ಕನ್ನಡ ಬೈಬಲ್ ತಿದ್ದುವ ಕೆಲಸದಲ್ಲಿದ್ದ ಹೆನ್ರಿ ಹೇಗ್ 1911ರಲ್ಲಿ ಅದೇ ಕುರ್ಚಿಯಲ್ಲಿ ಕೂತ.

ಆದರೆ ಪಟ್ಟಿ ಅಂದಮೇಲೆ ಅದಕ್ಕೊಂದು ‘ಹೊರಗೆ’ ಇದ್ದೇ ಇರುತ್ತೆ. ಗುಲಾಮರನ್ನು ಇಟ್ಟುಕೊಂಡ ಬೋಧಕರು ಅವರನ್ನು ಬಿಡುಗಡೆ ಮಾಡುವ ಮಾತು ಕೊಡಬೇಕು ಅಂತ ಅಮೆರಿಕದ ಮೆಥಡಿಸ್ಟರು 1780ರಲ್ಲೇ ಹೇಳಿದ್ದರು. ಆ ಮಾತು ಸಡಿಲವಾಗುತ್ತಾ ಹೋಯಿತು. ಆಸ್ಬರಿಯ ಕೈಯಿಂದಲೇ 1799ರಲ್ಲಿ ದೀಕ್ಷೆ ಪಡೆದ ಕಪ್ಪು ಬೋಧಕ ರಿಚರ್ಡ್ ಅಲೆನ್ ಕೊನೆಗೆ 1816ರಲ್ಲಿ ಬೇರೆ ಚರ್ಚನ್ನೇ ಕಟ್ಟಬೇಕಾಯಿತು. 1844ರಲ್ಲಿ ಗುಲಾಮರ ಒಡೆಯನಾಗಿದ್ದ ಬಿಷಪ್ ಜೇಮ್ಸ್ ಆಂಡ್ರ್ಯೂ ಕೆಲಸದಿಂದ ದೂರ ಇರಬೇಕು ಅಂತ ತೀರ್ಮಾನವಾದಾಗ ಉತ್ತರ, ದಕ್ಷಿಣ ಅಂತ ಎರಡಾದರು. 1939ರಲ್ಲಿ ಮತ್ತೆ ಒಂದಾದಾಗ ಕಪ್ಪು ಜನರ ಕಾನ್ಫರೆನ್ಸುಗಳನ್ನೆಲ್ಲ ಬೇರೆ ವಿಭಾಗಕ್ಕೆ ತಳ್ಳಿದರು. ಅದು 1968ರವರೆಗೆ ನಡೆಯಿತು. ಇದಕ್ಕೆ ಒಗ್ಗಟ್ಟು ಅಂತ ಹೆಸರಿಟ್ಟಿದ್ದು ನನಗೆ ಅರಗಲ್ಲ.

ಹೆಂಗಸರ ಕಥೆ ಇನ್ನೂ ಸೂಕ್ಷ್ಮ. 1924ರಿಂದ ಅವರಿಗೂ ದೀಕ್ಷೆ ಸಿಗುತ್ತಿತ್ತು, ಪ್ರಸಂಗ ಮಾಡಬಹುದಿತ್ತು. ಆದರೆ ಕಾನ್ಫರೆನ್ಸಿನ ಸದಸ್ಯತ್ವ ಮಾತ್ರ ಇಲ್ಲ. ಸದಸ್ಯತ್ವ ಇಲ್ಲ ಅಂದರೆ ಮುಂದಿನ ವರ್ಷ ಕೆಲಸ ಇರುತ್ತೆ ಅನ್ನೋ ಖಾತ್ರಿಯೂ ಇಲ್ಲ. 1956ರ ಮೇ ತಿಂಗಳಲ್ಲಿ ಆ ಬಾಗಿಲು ತೆರೆಯಿತು. ಎರಡೇ ವಾರದಲ್ಲಿ, ಕೊರಿಯಾದಲ್ಲಿ ಮಿಷನರಿಯಾಗಿದ್ದ ಮಾಡ್ ಜೆನ್ಸನ್ ಅವರನ್ನು ಸೆಂಟ್ರಲ್ ಪೆನ್ಸಿಲ್ವೇನಿಯಾ ಕಾನ್ಫರೆನ್ಸ್ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಅವರು ಬಹಳ ವರ್ಷಗಳಿಂದ ಮಾಡ್ತಾ ಇದ್ದ ಕೆಲಸವೇ. ಈ ಸಲ ಹೆಸರಿನ ಮುಂದೆ ಜಾಗವನ್ನೂ ಬರೆದುಕೊಟ್ಟರು.