ಎಕ್ಸ್‌ಪೈರಿ ಡೇಟ್: ತಾರೀಖು ಮುಖ್ಯವೋ, ಬಿಸಿಲು ಮುಖ್ಯವೋ?

ಇವತ್ತಿನ ಪ್ರಶ್ನೆ ಸಣ್ಣದು. ಮನೆಯ ಫಸ್ಟ್ ಏಯ್ಡ್ ಡಬ್ಬಿ ತೆಗೆದು ನೋಡಿದರೆ ಅರ್ಧ ಸಾಮಾನಿನ ಎಕ್ಸ್‌ಪೈರಿ ಡೇಟ್ ಮುಗಿದಿರುತ್ತೆ. ಬಳಸಬಹುದಾ, ಎಸೆಯಬೇಕಾ? ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್ ಬರೆಯೋನು. ಹಾಗಾಗಿ ಈ ತಾರೀಖು ಎಲ್ಲಿಂದ ಬಂತು, ಅದರ ಅರ್ಥ ಏನು ಅನ್ನೋದನ್ನ ಇತಿಹಾಸದಿಂದ ನೋಡೋಣ.

ನಾನಿರೋದು ನಾಗ್ಪುರದಲ್ಲಿ. ದೇಶದ ಸಿವಿಲ್ ಡಿಫೆನ್ಸ್ ಕಾಲೇಜು 1957ರಲ್ಲಿ ಶುರುವಾದದ್ದು ಇದೇ ಊರಲ್ಲಿ. ಅನಾಹುತ ಆದಾಗ ಜನರನ್ನ ಉಳಿಸೋದು ಹೇಗೆ ಅಂತ ಕಲಿಸುವ ಜಾಗ. ಆದರೆ ತುರ್ತು ಪೆಟ್ಟಿಗೆಯ ದೊಡ್ಡ ಶತ್ರು ಇರೋದೂ ಇಲ್ಲೇ: ಮೇ ತಿಂಗಳ 45 ಡಿಗ್ರಿ ಬಿಸಿಲು. ಮುಚ್ಚಿದ ಕಾರಿನೊಳಗೆ ಕೇಳೋದೇ ಬೇಡ.

ಬಿಸಿಲಿಗೂ ಔಷಧಕ್ಕೂ ನಡೆದ ಜಗಳದಲ್ಲಿ ನಮ್ಮ ಬೆಳಗಾವಿಗೂ ಒಂದು ಪಾಲಿದೆ. ಅಲ್ಲಿನ ವ್ಯಾಕ್ಸಿನ್ ಇನ್‌ಸ್ಟಿಟ್ಯೂಟ್ ಮುಂಬಯಿ ಪ್ರಾಂತ್ಯದ ಕಾಲದಿಂದಲೂ ಸಿಡುಬಿನ ಲಸಿಕೆ ತಯಾರಿಸುತ್ತಿತ್ತು. ಕರುವಿನ ಚರ್ಮದ ಮೇಲೆ ಬೆಳೆಸಿ ತೆಗೆದ ದ್ರವ ಲಸಿಕೆ ಅದು. ತಂಪಿನಲ್ಲಿದ್ದರೆ ಸರಿ. ಬಿಸಿಲಿಗೆ ಬಿತ್ತೋ, ಕೆಲವೇ ದಿನಗಳಲ್ಲಿ ಸತ್ವ ಹೋಗ್ತಿತ್ತು. ಕಣ್ಣಿಗೆ ಮಾತ್ರ ಏನೂ ಕಾಣ್ತಿರಲಿಲ್ಲ. ಅಂದ್ರೆ ಲಸಿಕೆ ಹಾಕಿಸಿದ್ದೇವೆ ಅಂತ ತಾಯಿ ನೆಮ್ಮದಿಯಾಗಿದ್ದರೂ ಮಗುವಿಗೆ ರಕ್ಷಣೆ ಸಿಗದೇ ಇರಬಹುದಿತ್ತು.

1950ರ ದಶಕದಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯ ಲೆಸ್ಲಿ ಕೋಲಿಯರ್ ಲಸಿಕೆಯನ್ನು ಹೆಪ್ಪುಗಟ್ಟಿಸಿ ಒಣಪುಡಿ ಮಾಡುವ ಒಳ್ಳೆಯ ವಿಧಾನ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಇಟ್ಟ ಪರೀಕ್ಷೆ ನೋಡಿ: 37 ಡಿಗ್ರಿಯಲ್ಲಿ ನಾಲ್ಕು ವಾರ ಇಟ್ಟರೂ ಸತ್ವ ಉಳಿದಿರಬೇಕು. ಈ ಪುಡಿ ಲಸಿಕೆ ಮಾಡಿದ ಭಾರತದ ಕೆಲವೇ ಕೇಂದ್ರಗಳಲ್ಲಿ ಬೆಳಗಾವಿಯೂ ಒಂದು. ಭಾರತದಲ್ಲಿ ಸಿಡುಬು ನಿಂತದ್ದು 1975ರಲ್ಲಿ. 1980ರಲ್ಲಿ ಜಗತ್ತೇ ಸಿಡುಬುಮುಕ್ತ ಅಂತ ಘೋಷಣೆ ಆಯ್ತು. ಅದೇ ರೋಗ, ಅದೇ ಲಸಿಕೆ. ಬದಲಾದದ್ದು ಬಿಸಿಲು ತಡೆಯುವ ಶಕ್ತಿ.

ಇನ್ನು ಕಾನೂನು. ಕಲಬೆರಕೆ, ಸತ್ವವಿಲ್ಲದ ಔಷಧಗಳ ಕಾಟ ನೋಡಿ ಬ್ರಿಟಿಷ್ ಸರ್ಕಾರ 1930ರಲ್ಲಿ ರಾಮನಾಥ್ ಚೋಪ್ರಾ ಸಮಿತಿ ನೇಮಿಸಿತು. ಅದರ ಫಲವಾಗಿ 1940ರ ಔಷಧ ಕಾಯ್ದೆ, 1945ರ ನಿಯಮಗಳು ಬಂದವು. ತಾರೀಖು ಮುಗಿದ ಔಷಧವನ್ನು ಅಂಗಡಿಯವರು ಮಾರುವಂತಿಲ್ಲ. ಆದರೆ ತಾರೀಖಿನ ಅರ್ಥ ಏನು? ಲೇಬಲ್ಲಿನಲ್ಲಿ ಹೇಳಿದ ಹಾಗೆ ಇಟ್ಟರೆ, ಆ ದಿನದ ತನಕ ಸತ್ವಕ್ಕೆ ತಯಾರಕರು ಜವಾಬ್ದಾರರು. ಅಷ್ಟೇ. ಮರುದಿನ ಬೆಳಗ್ಗೆ ವಿಷ ಆಗುತ್ತೆ ಅಂತಲ್ಲ. ಹಾಗೇ, ಬಿಸಿಲಲ್ಲಿ ಇಟ್ಟರೂ ಆ ದಿನದ ತನಕ ಬಾಳುತ್ತೆ ಅಂತಲೂ ಅಲ್ಲ.

ಅಮೆರಿಕದ ಸೇನೆ 1986ರಿಂದ ತನ್ನ ದಾಸ್ತಾನಿನ ಹಳೇ ಔಷಧಗಳನ್ನ ಪರೀಕ್ಷೆ ಮಾಡಿಸ್ತಾ ಇದೆ. 2006ರಲ್ಲಿ ಪ್ರಕಟವಾದ ಲೆಕ್ಕದಲ್ಲಿ 122 ಔಷಧಗಳ 3,005 ಬ್ಯಾಚುಗಳ ಪೈಕಿ 88% ಬ್ಯಾಚುಗಳಿಗೆ ಕನಿಷ್ಠ ಒಂದು ವರ್ಷ ಹೆಚ್ಚುವರಿ ಆಯಸ್ಸು ಸಿಕ್ಕಿತು. ಇದನ್ನ ಕೇಳಿ ಖುಷಿಪಡುವ ಮೊದಲು ಗಮನಿಸಿ: ಅವು ಸೀಲ್ ಒಡೆಯದೆ, ತಂಪಾದ ಗೋದಾಮಿನಲ್ಲಿದ್ದವು. ನಮ್ಮ ಕಾರಿನ ಡ್ಯಾಶ್‌ಬೋರ್ಡಿನಲ್ಲಲ್ಲ. ಅಲ್ಲದೆ 1963ರಲ್ಲಿ ಕೆಟ್ಟ ಟೆಟ್ರಾಸೈಕ್ಲಿನ್ ನುಂಗಿದವರಿಗೆ ಕಿಡ್ನಿ ತೊಂದರೆಯಾದ ವರದಿಯೂ ಇದೆ.

ಹಾಗಾದ್ರೆ ಡಬ್ಬಿಯಲ್ಲಿ ಏನು ಉಳಿಯುತ್ತೆ? ಬಟ್ಟೆಯ ಬ್ಯಾಂಡೇಜು, ಕತ್ತರಿ, ಚಿಮಟಕ್ಕೆ ವಯಸ್ಸಾಗಲ್ಲ. ಸ್ಟೆರೈಲ್ ಗಾಜ್ ವಿಷಯದಲ್ಲಿ ನೋಡಬೇಕಾದ್ದು ಪ್ಯಾಕೆಟ್ಟಿನ ಸೀಲ್; ಒಡೆದಿದ್ದರೆ, ಒದ್ದೆಯಾಗಿದ್ದರೆ ಗಾಯಕ್ಕೆ ತಾಗಿಸಬೇಡಿ. ಪ್ಲಾಸ್ಟರಿನ ಅಂಟು ಒಣಗುತ್ತೆ, ರಬ್ಬರ್ ಗ್ಲೋವ್ಸ್ ಹರಿಯುತ್ತೆ, ಸ್ಪಿರಿಟ್ ಆವಿಯಾಗುತ್ತೆ. ಕಣ್ಣಿನ ಹನಿ, ಇನ್ಸುಲಿನ್, ಹೃದಯದ ಮಾತ್ರೆ, ಆಂಟಿಬಯಾಟಿಕ್ ಇವುಗಳಲ್ಲಿ ಮಾತ್ರ ಜೂಜು ಬೇಡವೇ ಬೇಡ. ಎದೆನೋವು ಬಂದಾಗ ನಾಲಗೆ ಕೆಳಗಿಡುವ ಮಾತ್ರೆ ಕೆಲಸ ಮಾಡಲಿಲ್ಲ ಅಂದ್ರೆ ಇನ್ನೊಂದು ತರೋಕೆ ಸಮಯ ಇರಲ್ಲ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಎಕ್ಸ್‌ಪೈರಿ ಡೇಟ್ ಬರೀ ಟೈಮರ್, ಸೆನ್ಸರ್ ಅಲ್ಲ. ಸೆನ್ಸರ್ ಕೂಡ ಬಂದಿದೆ. 1996ರಿಂದ ಪೋಲಿಯೋ ಹನಿಯ ಬಾಟಲಿ ಮೇಲೆ ಒಂದು ಸಣ್ಣ ವೃತ್ತ, ಅದರೊಳಗೆ ಬಿಳಿ ಚೌಕ ಬರ್ತಿದೆ. ಶಾಖ ತಾಗಿದಷ್ಟೂ ಚೌಕ ಕಪ್ಪಾಗುತ್ತೆ. ವೃತ್ತದಷ್ಟೇ ಕಪ್ಪಾದರೆ, ತಾರೀಖು ಬಾಕಿ ಇದ್ದರೂ ಆಶಾ ಕಾರ್ಯಕರ್ತೆ ಅದನ್ನ ಬಳಸಲ್ಲ.

ನಮ್ಮ ಮನೆಯ ಮಾತ್ರೆಗೆ ಆ ಚೌಕ ಇಲ್ಲ. ಅದಕ್ಕೇ ವರ್ಷಕ್ಕೆರಡು ಸಲ, ಬೇಸಿಗೆಗೆ ಮುಂಚೆ ಒಮ್ಮೆ, ಬೇಸಿಗೆ ಕಳೆದ ಮೇಲೆ ಒಮ್ಮೆ ಡಬ್ಬಿ ಬಿಚ್ಚಿ ನೋಡಿ. ಅದನ್ನ ಅಡುಗೆಮನೆಯ ಒಲೆಯಿಂದ, ಕಾರಿನಿಂದ ದೂರ ಇಡಿ. ಮುಂದಿನ ಸಲ ಸಿಗೋಣ.