ರಂಜಕದಿಂದ ಕೇಪಿನವರೆಗೆ: ತೋಟಾ ತುಂಬುವ ಕೈಯುಪಕರಣದ ಚರಿತ್ರೆ

ಆಯುಧಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ನಳಿಗೆಯನ್ನೂ ಗುಂಡನ್ನೂ ಕುರಿತು ಬರೆದಿದ್ದಾರೆ. ಮದ್ದಿಗೆ ಕಿಡಿ ಮುಟ್ಟಿಸುವ ಅಲ್ಪವಸ್ತುವಿನ ಕಡೆಗೆ ಅವರ ದೃಷ್ಟಿ ಅಷ್ಟಾಗಿ ಹರಿದಿಲ್ಲ. ಆದರೆ ಕೋವಿ ಹಿಡಿದವನು ತನ್ನ ತೋಟಾವನ್ನು ತಾನೇ ಸಿದ್ಧಪಡಿಸಿಕೊಳ್ಳಬಲ್ಲನೇ, ಅಥವಾ ಪ್ರತಿಯೊಂದು ಹೊಡೆತಕ್ಕೂ ಕಾರ್ಖಾನೆಯತ್ತ ಕೈಚಾಚಬೇಕೇ ಎಂಬ ಪ್ರಶ್ನೆ ಇತ್ಯರ್ಥವಾದದ್ದು ಈ ಅಲ್ಪವಸ್ತುವಿನಲ್ಲಿಯೇ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬಳಸಿದ ತೋಟಾವನ್ನು ಮನೆಯಲ್ಲಿಯೇ ಮತ್ತೆ ತುಂಬಿಕೊಳ್ಳುವವರು ಇಂದಿಗೂ ಬಹುಮಂದಿ ಇದ್ದಾರೆ. ಅವರು ಕೇಪು ಕೂರಿಸುವುದಕ್ಕೆ ಒಂದು ಕೈಯುಪಕರಣವನ್ನು ಆರಿಸಿಕೊಳ್ಳುವಾಗ ಅದು ಕೇವಲ ತಮ್ಮ ಅಭಿರುಚಿಯ ಮಾತೆಂದು ಭಾವಿಸಬಹುದು. ಆ ಆಯ್ಕೆಯ ಎಲ್ಲೆ 1866ರಷ್ಟು ಹಿಂದೆಯೇ ಗೊತ್ತಾಗಿತ್ತೆಂದು ತೋರಿಸುವುದು ಈ ಲೇಖನದ ಉದ್ದೇಶ.

ಚಕಮಕಿ ಬಂದೂಕಿನಲ್ಲಿ ನಳಿಗೆಯ ಕಿವಿಯ ಪಕ್ಕದಲ್ಲಿ ಒಂದು ಸಣ್ಣ ಬಟ್ಟಲಿರುತ್ತಿತ್ತು. ಅದರಲ್ಲಿ ಹಾಕುವ ನಯವಾದ ಮದ್ದಿಗೆ ಕನ್ನಡ, ಮರಾಠಿಗಳಲ್ಲಿ ರಂಜಕವೆಂದು ಹೆಸರು. ಕುದುರೆಯ ಬಾಯಲ್ಲಿದ್ದ ಕಲ್ಲು ಉಕ್ಕಿಗೆ ಬಡಿದಾಗ ಕಿಡಿ ರಂಜಕಕ್ಕೆ ಬಿದ್ದು, ಅದರ ಉರಿ ಕಿವಿಯ ಮೂಲಕ ಒಳಗಿನ ಮದ್ದಿಗೆ ತಗುಲುತ್ತಿತ್ತು. ಈ ಏರ್ಪಾಡಿಗೆ ಎರಡು ದೋಷಗಳಿದ್ದುವು: ಮಳೆಯಲ್ಲಿ ರಂಜಕ ನೆನೆಯುತ್ತಿತ್ತು; ಹೊರಗಿನ ಮಿಂಚಿಗೂ ಗುಂಡು ಹೊರಡುವುದಕ್ಕೂ ನಡುವೆ ಕ್ಷಣಕಾಲ ವಿಳಂಬವಾಗುತ್ತಿತ್ತು. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿಯ ಪಾದ್ರಿ ಅಲೆಕ್ಸಾಂಡರ್ ಜಾನ್ ಫೋರ್ಸಿತ್ ಬೇಟೆಯ ಹವ್ಯಾಸಿ. ಮಿಂಚನ್ನು ಕಂಡೊಡನೆ ಹಕ್ಕಿಗಳು ಹಾರಿಹೋಗುವುದನ್ನು ನೋಡಿ ಆತ ಬೇರೆ ದಾರಿಯನ್ನು ಹುಡುಕಿದನು. ಪೆಟ್ಟು ಬಿದ್ದೊಡನೆ ಸಿಡಿಯುವ ಪಾದರಸದ ಫಲ್ಮಿನೇಟನ್ನು ಕುರಿತು ಎಡ್ವರ್ಡ್ ಹೋವರ್ಡ್ ಎಂಬಾತನು 1800ರಲ್ಲಿ ಲಂಡನಿನ ರಾಯಲ್ ಸೊಸೈಟಿಗೆ ತಿಳಿಸಿದ್ದನು. ಇಂಥ ಸಿಡಿಪುಡಿಯನ್ನೇ ರಂಜಕದ ಸ್ಥಾನದಲ್ಲಿಟ್ಟು ಫೋರ್ಸಿತ್ 1807ರಲ್ಲಿ ಹಕ್ಕುಪತ್ರವನ್ನು ಪಡೆದನು. ಮುಂದೆ ಆ ಪುಡಿ ತಾಮ್ರದ ಪುಟ್ಟ ಟೊಪ್ಪಿಗೆಯೊಳಗೆ ಸೇರಿ 'ಕೇಪು' ಎನಿಸಿಕೊಂಡಿತು. ಅದನ್ನು ಮೊದಲು ಮಾಡಿದವರು ತಾವೆಂದು ಹಲವರು ವಾದಿಸಿದರು; ಅಮೆರಿಕಕ್ಕೆ ವಲಸೆಹೋದ ಆಂಗ್ಲ ಚಿತ್ರಕಾರ ಜೋಷುವಾ ಷಾ ಅವರಲ್ಲಿ ಪ್ರಸಿದ್ಧನು.

1834ರಲ್ಲಿ ವೂಲಿಚ್ಚಿನಲ್ಲಿ ಆರು ಚಕಮಕಿ ಬಂದೂಕುಗಳಿಂದಲೂ ಆರು ಹೊಸ ಬಗೆಯ ಬಂದೂಕುಗಳಿಂದಲೂ ಆರಾರು ಸಾವಿರ ಸುತ್ತು ಹಾರಿಸಿ ಪರೀಕ್ಷೆ ನಡೆಯಿತು. ಹೊಸ ಬಗೆಯಲ್ಲಿ ಒಂದು ಸುತ್ತು ಹುಸಿಹೋದರೆ ಹಳೆಯದರಲ್ಲಿ ಸುಮಾರು 26 ಸುತ್ತುಗಳು ಹುಸಿಹೋದುವು. ಆದರೂ ಹೊಸ ಆಯುಧ ಎಲ್ಲ ಪಡೆಗಳಿಗೂ ಏಕಕಾಲದಲ್ಲಿ ದೊರೆಯಲಿಲ್ಲ. ಅದರ ಫಲವನ್ನು ಉಂಡವರು ದಕ್ಷಿಣ ಭಾರತದ ಸಿಪಾಯಿಗಳು. ಮೊದಲನೆಯ ಅಫೀಮು ಯುದ್ಧದಲ್ಲಿ, 1841ರ ಮೇ ತಿಂಗಳ ಕೊನೆಯಲ್ಲಿ, ಕ್ಯಾಂಟನ್ನಿನ ಹೊರಗೆ ಮದರಾಸಿನ 37ನೆಯ ದೇಶೀಯ ಪದಾತಿದಳದ ಒಂದು ತುಕಡಿ ಬಿರುಮಳೆಯಲ್ಲಿ ಹಳ್ಳಿಗರ ದೊಡ್ಡ ಗುಂಪಿನ ನಡುವೆ ಸಿಕ್ಕಿಬಿದ್ದಿತು. ನೆನೆದ ಚಕಮಕಿ ಬಂದೂಕುಗಳು ಹಾರಲೊಲ್ಲವಾದುವು; ಅವರನ್ನು ಬಿಡಿಸಿ ತಂದವರು ಕೇಪಿನ ಬಂದೂಕು ಹಿಡಿದಿದ್ದ ನೌಕಾಸೈನಿಕರು. ಒಂದು ಚಿಟಿಕೆ ರಂಜಕಕ್ಕೂ ಒಂದು ಕೇಪಿಗೂ ಇರುವ ಅಂತರ ಮನುಷ್ಯರ ಪ್ರಾಣದಲ್ಲಿ ಅಳೆಯುವಂಥದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಇಲ್ಲಿಯವರೆಗೆ ಕೇಪನ್ನು ಇಡುವುದಕ್ಕೆ ಬೆರಳುಗಳೇ ಸಾಕಾಗಿದ್ದುವು. ಮದ್ದು, ಗುಂಡು, ಕೇಪು ಮೂರನ್ನೂ ಹೊಡೆಯುವವನೇ ಒಂದುಗೂಡಿಸುತ್ತಿದ್ದನು. ಈ ಮೂರನ್ನೂ ಒಂದೇ ಲೋಹಕೋಶದಲ್ಲಿ ಅಡಗಿಸಿದ ತೋಟಾ ಬಂದಮೇಲೆ ಸ್ಥಿತಿ ಬದಲಾಯಿತು. ಕೂಡಿಸುವ ಕೆಲಸ ಕಾರ್ಖಾನೆಗೆ ಹೋಯಿತು. ಕೋಶದ ಬುಡದ ಕುಳಿಯಲ್ಲಿ ಬಿಗಿಯಾಗಿ ಕುಳಿತ ಕೇಪನ್ನು ತೆಗೆಯುವುದಾಗಲಿ ಇಡುವುದಾಗಲಿ ಬೆರಳಿಗೆ ಅಸಾಧ್ಯವಾಯಿತು. ಉಪಕರಣದ ಅಗತ್ಯ ಹುಟ್ಟಿದ್ದು ಈ ಘಟ್ಟದಲ್ಲಿ.

ಕೇಪು ಸಿಡಿಯಬೇಕಾದರೆ ಮೇಲಿನ ಪೆಟ್ಟಿಗೆ ಎದುರಾಗಿ ಕೆಳಗೆ ಒಂದು ಅಡಿಗಲ್ಲು ಇರಬೇಕು. 1866ರಲ್ಲಿ ಇಬ್ಬರು ಸೇನಾಧಿಕಾರಿಗಳು ಇದಕ್ಕೆ ಎರಡು ಉತ್ತರಗಳನ್ನು ಕೊಟ್ಟರು. ಅಮೆರಿಕದ ಹೈರಮ್ ಬರ್ಡನ್ ಅಡಿಗಲ್ಲನ್ನು ಕೋಶದ ಕುಳಿಯಲ್ಲಿಯೇ ಉಬ್ಬಾಗಿ ರೂಪಿಸಿದನು. ಉರಿ ಒಳಹೋಗುವ ರಂಧ್ರಗಳು ಅದರ ಪಕ್ಕಕ್ಕೆ ಸರಿದುವು. ವೂಲಿಚ್ಚಿನ ರಾಯಲ್ ಲ್ಯಾಬೊರೇಟರಿಯ ಮುಖ್ಯಸ್ಥ ಎಡ್ವರ್ಡ್ ಬಾಕ್ಸರ್ ಅಡಿಗಲ್ಲನ್ನು ಕೇಪಿನೊಳಗೇ ಇಟ್ಟನು. ಆದುದರಿಂದ ಕೋಶದ ಬುಡದಲ್ಲಿ ನಟ್ಟನಡುವೆ ಒಂದೇ ರಂಧ್ರ ಉಳಿಯಿತು. ಮೇಲ್ನೋಟಕ್ಕೆ ಇದು ಕುಶಲಕರ್ಮಿಯ ಸಣ್ಣ ಭೇದ. ಪರಿಣಾಮ ಸಣ್ಣದಲ್ಲ. ಬಾಕ್ಸರ್ ಬಗೆಯ ಕೋಶದ ಬಾಯಿಂದ ಒಂದು ಕಡ್ಡಿಯನ್ನು ಇಳಿಸಿ ತಳ್ಳಿದರೆ ಸುಟ್ಟ ಕೇಪು ಉದುರಿಬೀಳುತ್ತದೆ. ಬರ್ಡನ್ ಬಗೆಯಲ್ಲಿ ಕಡ್ಡಿಗೆ ಅಡಿಗಲ್ಲೇ ಅಡ್ಡವಾಗುತ್ತದೆ. ಕೇಪನ್ನು ಹೊರಗಿನಿಂದ ಕೊಕ್ಕೆಯಿಂದ ಮೀಟಿ ತೆಗೆಯಬೇಕು. ಕೇಪಿನ ರಚನೆ ಸರಳವಾದ ಬರ್ಡನ್ ಪದ್ಧತಿ ಯೂರೋಪಿನ ಸೈನ್ಯಗಳಲ್ಲಿ ಬಹುವಾಗಿ ಹರಡಿತು. ಇಂಗ್ಲಿಷರವನ ಪದ್ಧತಿ ಅಮೆರಿಕದಲ್ಲಿ ನೆಲೆಯೂರಿತು. ಬಾಕ್ಸರನು ಪುನರ್ಬಳಕೆಯನ್ನು ಉದ್ದೇಶಿಸಿದ್ದನೆಂದು ಹೇಳುವಂತಿಲ್ಲ; ಅವನ ಮೊದಲ ತೋಟಾ ತೆಳು ಹಿತ್ತಾಳೆಯ ಹಾಳೆಯನ್ನು ಸುರುಳಿ ಸುತ್ತಿ ಮಾಡಿದ್ದು. ಎಳೆದು ಮಾಡಿದ ಗಟ್ಟಿ ಹಿತ್ತಾಳೆಯ ಕೋಶದೊಡನೆ ನಡುರಂಧ್ರ ಕೂಡಿದಾಗ, ಅವನು ಎಣಿಸದಿದ್ದ ಸ್ವಾತಂತ್ರ್ಯವೊಂದು ಬಳಸುವವನಿಗೆ ಲಭಿಸಿತು.

ಅಮೆರಿಕದ ಪಶ್ಚಿಮ ಬಯಲುಗಳಲ್ಲಿ ಇದರ ಉಪಯೋಗ ಬೇಗ ಕಂಡುಬಂದಿತು. 1870ರ ದಶಕದ ಕಾಡೆಮ್ಮೆ ಬೇಟೆಗಾರರು ಅಂಗಡಿಗಳಿಂದ ಬಹುದೂರ ತಿಂಗಳುಗಟ್ಟಲೆ ಇರುತ್ತಿದ್ದರು. ಮದ್ದು, ಸೀಸ, ಕೇಪುಗಳನ್ನು ಒಯ್ದು ರಾತ್ರಿ ಬಿಡಾರದಲ್ಲಿ ತೋಟಾ ತುಂಬುತ್ತಿದ್ದರು. ಅವರು ಆ ಪ್ರಾಣಿಗಳನ್ನು ಹೆಚ್ಚುಕಡಿಮೆ ನಿರ್ಮೂಲಮಾಡಿದುದರಲ್ಲಿ ಈ ಸೌಕರ್ಯಕ್ಕೂ ಪಾಲುಂಟೆಂಬುದನ್ನು ಮರೆಯಲಾಗದು. 1884ರಲ್ಲಿ ಜಾನ್ ಬಾರ್ಲೋ ಎಂಬಾತನು ಕನೆಕ್ಟಿಕಟ್ಟಿನಲ್ಲಿ ಐಡಿಯಲ್ ಸಂಸ್ಥೆಯನ್ನು ಸ್ಥಾಪಿಸಿ ಇಕ್ಕಳದಾಕಾರದ ಉಪಕರಣವನ್ನು ಬಳಕೆಗೆ ತಂದನು. ನಮ್ಮ ಅಡಕೊತ್ತನ್ನು ಹೋಲುವ ಈ ಒಂದೇ ಸಾಧನ ಹಳೆಯ ಕೇಪನ್ನು ತೆಗೆಯಲು, ಹೊಸದನ್ನು ಕೂರಿಸಲು, ಗುಂಡನ್ನು ಸೇರಿಸಲು ಒದಗುತ್ತಿತ್ತು. ಮುಂದೆ ಮೇಜಿಗೆ ಬಿಗಿದ ಭಾರಿ ಒತ್ತುಯಂತ್ರಗಳು ಬಂದುವು. ಆದರೂ ಕೇಪು ಕೂರಿಸುವ ಒಂದು ಕೆಲಸಕ್ಕೆ ಮಾತ್ರ ಕೈಯುಪಕರಣ ಉಳಿದುಕೊಂಡಿತು. ಏಕೆ?

ಕಾರಣ ಸ್ಪರ್ಶಜ್ಞಾನ. ಕೇಪಿನೊಳಗಿನ ಅಡಿಗಲ್ಲಿನ ಕಾಲುಗಳು ಕುಳಿಯ ತಳವನ್ನು ಮುಟ್ಟಬೇಕು. ಕೇಪಿನ ಬೆನ್ನು ಕೋಶದ ಬುಡಕ್ಕಿಂತ ಕೂದಲೆಳೆಯಷ್ಟು ಒಳಗಿರಬೇಕು. ಮೇಲೆ ಉಳಿದರೆ ಸೂಜಿಯ ಪೆಟ್ಟು ಅದನ್ನು ಒಳಕ್ಕೆ ತಳ್ಳುವುದರಲ್ಲೇ ವ್ಯರ್ಥವಾಗಬಹುದು. ತಾನೇ ತುಂಬಿಕೊಳ್ಳುವ ಬಂದೂಕಿನಲ್ಲಿ ಬಾಗಿಲು ಮುಚ್ಚುವಾಗಲೇ ಸಿಡಿಯುವ ಅಪಾಯವೂ ಉಂಟು. ಉದ್ದ ಸನ್ನೆಯ ಯಂತ್ರದ ಬಲದಲ್ಲಿ ಈ ತಾಗುವಿಕೆ ಕೈಗೆ ತಿಳಿಯದು. ಅಂಗೈಯಲ್ಲಿ ಹಿಡಿದ ಸಣ್ಣ ಸಾಧನದಲ್ಲಿ ತಿಳಿಯುತ್ತದೆ. ಆದುದರಿಂದ ಆರಿಸುವವನು ನೋಡಬೇಕಾದ ಗುಣಗಳಲ್ಲಿ ಇದೇ ಮೊದಲನೆಯದು. ಕೋಶದ ಅಂಚನ್ನು ಸಡಿಲವಿಲ್ಲದೆ ಹಿಡಿಯುವ ಹಿಡಿ ಎರಡನೆಯದು. 0.175 ಮತ್ತು 0.210 ಅಂಗುಲದ ಎರಡು ರೂಢಿಯ ಅಳತೆಗಳಿಗೂ ಹೊಂದುವಿಕೆ ಮೂರನೆಯದು. ಒಂದು ಕೇಪು ಆಕಸ್ಮಿಕವಾಗಿ ಸಿಡಿದರೆ ತಟ್ಟೆಯಲ್ಲಿರುವ ಉಳಿದವುಗಳಿಗೆ ಉರಿ ಹಬ್ಬದಂತೆ ಮರೆಯಿರುವುದು ನಾಲ್ಕನೆಯದಾದರೂ ಪ್ರಾಮುಖ್ಯದಲ್ಲಿ ಯಾವುದಕ್ಕೂ ಕಡಮೆಯಲ್ಲ.

ಆದರೆ ಉಪಕರಣವೊಂದರಿಂದಲೇ ಕಾರ್ಯ ಸಿದ್ಧಿಸುತ್ತಿರಲಿಲ್ಲ. ಹಳೆಯ ಕೇಪಿನ ಪಾದರಸ ಹಿತ್ತಾಳೆಯೊಡನೆ ಬೆರೆತು ಕೋಶವನ್ನು ಪೆಡಸುಗೊಳಿಸುತ್ತಿತ್ತು. ಕ್ಲೋರೇಟಿನ ಶೇಷ ತೇವವನ್ನು ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತಿತ್ತು. 1920ರ ದಶಕದ ಕೊನೆಯಲ್ಲಿ ಜರ್ಮನಿಯಲ್ಲಿ ಈ ಎರಡು ದೋಷಗಳೂ ಇಲ್ಲದ, ಸೀಸದ ಸ್ಟಿಫ್ನೇಟನ್ನು ಆಧರಿಸಿದ ಮಿಶ್ರಣ ಬಳಕೆಗೆ ಬಂದಮೇಲೆ ಒಂದೇ ಕೋಶವನ್ನು ಹಲವು ಬಾರಿ ತುಂಬುವುದು ನಂಬತಕ್ಕ ಪದ್ಧತಿಯಾಯಿತು.

ನಮ್ಮ ದೇಶದಲ್ಲಿ ಕಥೆ ಬೇರೆ ದಾರಿ ಹಿಡಿಯಿತು. 1878ರ ಆಯುಧ ಶಾಸನ ಕೋವಿಯನ್ನು ಮಾತ್ರವಲ್ಲದೆ ತೋಟಾ ತಯಾರಿಕೆಯನ್ನೂ ಪರವಾನಗಿಗೆ ಒಳಪಡಿಸಿತು. 1959ರ ಶಾಸನವೂ ಆ ನಿಯಮವನ್ನು ಬಿಡಲಿಲ್ಲ. ಮಲೆನಾಡಿನ ಮಾತಿನಲ್ಲಿ 'ಕೇಪಿನ ಕೋವಿ', 'ತೋಟಾ ಕೋವಿ' ಎಂಬ ಭೇದ ಉಳಿದುಬಂದಿದೆ. ಮೊದಲನೆಯದರಲ್ಲಿ ಹೊಡೆಯುವವನೇ ಮದ್ದನ್ನು ಜಡಿಯಬೇಕು. ಎರಡನೆಯದಕ್ಕೆ ಅಂಗಡಿಯ ತೋಟಾ ಬೇಕು. ಆ ಎರಡು ಪದಗಳು ಯಂತ್ರಭೇದವನ್ನಷ್ಟೇ ಅಲ್ಲದೆ ಹೊಡೆತದ ಮೇಲಣ ಅಧಿಕಾರ ಯಾರ ಕೈಯಲ್ಲಿದೆಯೆಂಬುದನ್ನೂ ಸೂಚಿಸುತ್ತವೆ.

ಆ ಅಧಿಕಾರ ವ್ಯಕ್ತಿಯಲ್ಲಿರಬೇಕೋ ಸರಕಾರದಲ್ಲಿರಬೇಕೋ ಎಂಬುದನ್ನು ಆಯಾ ಸಮಾಜ ಬೇರೆಬೇರೆಯಾಗಿ ತೀರ್ಮಾನಿಸಿದೆ. ಚರಿತ್ರಕಾರನು ಗಮನಿಸಬೇಕಾದದ್ದು ಇಷ್ಟು: ಶಾಸನವು ಮಾತನಾಡುವುದಕ್ಕೆ ಮುನ್ನ, ಅಡಿಗಲ್ಲು ಕೇಪಿನಲ್ಲಿರಬೇಕೋ ಕೋಶದಲ್ಲಿರಬೇಕೋ ಎಂಬ ಕಮ್ಮಟದ ನಿರ್ಣಯ ಸಾಧ್ಯಾಸಾಧ್ಯಗಳ ಗೆರೆಯನ್ನು ಎಳೆದಿತ್ತು. ದೊಡ್ಡ ಆಯುಧಗಳ ಚರಿತ್ರೆಯನ್ನು ಓದುವ ವಿದ್ಯಾರ್ಥಿಗಳು ಇಂಥ ಸಣ್ಣ ನಿರ್ಣಯಗಳ ಮೇಲೂ ಕಣ್ಣಿಡುವುದು ಯುಕ್ತ.